ಶಿಲೆಯ ವಯಸ್ಸು, ಕಂದರದ ವಯಸ್ಸು: ಕೊಲರಾಡೊ ಮಹಾಕಂದರದ ಅಧ್ಯಯನದ ಇತಿಹಾಸ

೧

ಬಾದಾಮಿಯ ಮೂರನೆಯ ಗುಹಾದೇವಾಲಯದಲ್ಲಿ ಮಂಗಲೇಶನ ಶಾಸನವೊಂದುಂಟು. ಅದರ ಕಾಲ ಕ್ರಿ. ಶ. ೫೭೮. ಈ ಶಾಸನದ ಬಲದಿಂದ ನಾವು ಗುಹೆಯ ಕಾಲವನ್ನು ನಿರ್ಣಯಿಸುತ್ತೇವೆ. ಆದರೆ ಗುಹೆಯನ್ನು ಕೊರೆದ ಮರಳುಗಲ್ಲಿನ ಬೆಟ್ಟವೂ ಅದೇ ಕಾಲದ್ದೆಂದು ಯಾರೂ ಹೇಳುವುದಿಲ್ಲ. ಬೆಟ್ಟವು ಅತಿ ಪ್ರಾಚೀನವಾದುದರಿಂದ ಗುಹೆಯೂ ಅಷ್ಟೇ ಪ್ರಾಚೀನವೆಂದು ವಾದಿಸುವವರೂ ಇಲ್ಲ. ಕಲ್ಲು ಉಂಟಾದ ಕಾಲ ಒಂದು, ಉಳಿಯು ಕಲ್ಲನ್ನು ಮುಟ್ಟಿದ ಕಾಲ ಮತ್ತೊಂದು. ಮನುಷ್ಯನ ಕೃತಿಯ ವಿಷಯದಲ್ಲಿ ಇಷ್ಟು ಸುಲಭವಾಗಿ ತೋರುವ ಈ ಭೇದವು ನದಿಯ ಕೃತಿಯ ವಿಷಯದಲ್ಲಿ ಬಹುಕಾಲ ಮಸುಕಾಗಿಯೇ ಇದ್ದಿತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅರಿಜೋನಾ ಪ್ರಾಂತದಲ್ಲಿ ಕೊಲರಾಡೊ ನದಿಯು ಕೊರೆದಿರುವ ಮಹಾಕಂದರವು ಜಗತ್ಪ್ರಸಿದ್ಧವಾದುದು. ನದಿಯ ಹರಿವನ್ನನುಸರಿಸಿ ಅಳೆದರೆ ಅದರ ಉದ್ದ ಸುಮಾರು ೪೪೬ ಕಿಲೋಮೀಟರು. ಅತಿ ಅಗಲವಾದೆಡೆ ೨೯ ಕಿಲೋಮೀಟರು. ಅತಿ ಆಳವಾದೆಡೆ ೧,೮೦೦ ಮೀಟರುಗಳಿಗೂ ಮಿಕ್ಕು. ಈ ಕಂದರದ ವಯಸ್ಸೆಷ್ಟು ಎಂದು ತರಗತಿಯಲ್ಲಿ ಕೇಳಿದರೆ, ಕೆಲವರು ನೂರಾರು ಕೋಟಿ ವರ್ಷವೆನ್ನುವರು, ಕೆಲವರು ಐವತ್ತು ಲಕ್ಷ ವರ್ಷವೆನ್ನುವರು. ಇಬ್ಬರೂ ಓದಿದ್ದನ್ನೇ ಹೇಳುತ್ತಿರುವರು. ಒಬ್ಬರದು ಶಿಲೆಯ ಲೆಕ್ಕ, ಇನ್ನೊಬ್ಬರದು ಉಳಿಯ ಲೆಕ್ಕ. ಈ ಎರಡು ಕಾಲಗಳನ್ನು ವಿದ್ವಾಂಸರು ಹೇಗೆ ಬೇರ್ಪಡಿಸಿದರು, ಆ ಪ್ರಯತ್ನದಲ್ಲಿ ಎಲ್ಲಿ ಎಡವಿದರು, ಯಾವ ಸಾಕ್ಷ್ಯವು ಅವರನ್ನು ತಿದ್ದಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುವೆವು.

೨

ಕಂದರವನ್ನು ಮೊದಲು ಕಂಡವರು ಯೂರೋಪಿನವರಲ್ಲ. ಹೋಪಿ, ಹವಸುಪಾಯಿ ಮೊದಲಾದ ಜನಾಂಗಗಳಿಗೆ ಅದು ಬಹುಪ್ರಾಚೀನ ಕಾಲದಿಂದಲೂ ನೆಲೆಯೂ ಪವಿತ್ರ ಕ್ಷೇತ್ರವೂ ಆಗಿದೆ. ೧೫೪೦ರಲ್ಲಿ ಸ್ಪೇನಿನ ದಂಡಯಾತ್ರೆಯೊಂದಕ್ಕೆ ಸೇರಿದ ಗಾರ್ಸಿಯಾ ಲೋಪೆಜ್ ಡೆ ಕಾರ್ದೆನಾಸ್ ಎಂಬುವನು ಹೋಪಿ ಮಾರ್ಗದರ್ಶಕರೊಡನೆ ದಕ್ಷಿಣದ ಅಂಚಿಗೆ ಬಂದನು. ಅವನ ಕಡೆಯ ಮೂವರು ನದಿಗಿಳಿಯಲು ಯತ್ನಿಸಿ, ಮೂರನೆಯ ಒಂದು ಭಾಗದಷ್ಟು ಇಳಿದು, ಸೋತು ಹಿಂದಿರುಗಿದರು. ಮೇಲಿನಿಂದ ಆಳೆತ್ತರವಾಗಿ ತೋರಿದ ಬಂಡೆಗಳು ಸೆವಿಲ್ ನಗರದ ಮಹಾಗೋಪುರಕ್ಕಿಂತ ಎತ್ತರವಾಗಿದ್ದುವೆಂದು ಅವರು ವರದಿ ಮಾಡಿದರಂತೆ. ಕಣ್ಣಿಗೆ ದೂರದ ಅಳತೆಯೇ ತಪ್ಪಿಹೋದ ಆ ಸ್ಥಳದಲ್ಲಿ ಕಾಲದ ಅಳತೆಯನ್ನು ಕುರಿತು ಅವರು ಯೋಚಿಸದೆ ಹೋದುದು ಆಶ್ಚರ್ಯವಲ್ಲ.

ಕಾಲದ ಅಳತೆಗೆ ಬೇಕಾದ ಸೂತ್ರಗಳು ಯೂರೋಪಿನಲ್ಲಿ ಸಿದ್ಧವಾದುವು. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಅವರು ೧೬೬೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ನಿಯಮಗಳನ್ನು ನಿರೂಪಿಸಿದರು: ಕದಡದಿರುವ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು, ಮತ್ತು ನೀರಿನಲ್ಲಿ ತಳವೂರಿದ ಪದರಗಳು ಮೂಲತಃ ಅಡ್ಡವಾಗಿ, ಸಮತಲವಾಗಿಯೇ ಹರಡಿಕೊಳ್ಳುವುವು. ನೂರು ವರ್ಷಗಳ ತರುವಾಯ, ೧೭೮೮ರಲ್ಲಿ, ಜೇಮ್ಸ್ ಹಟನ್ನರು ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ನೆಟ್ಟಗೆ ನಿಂತ ಪದರಗಳ ತಲೆಯ ಮೇಲೆ ಓರೆಯಾಗಿ ಮಲಗಿದ ಬೇರೆ ಪದರಗಳನ್ನು ಕಂಡರು. ಕೆಳಗಿನವು ಮೊದಲು ತಳವೂರಿ ಗಟ್ಟಿಯಾಗಬೇಕು. ಬಳಿಕ ಮಡಿಸಿಕೊಂಡು ಮೇಲೇಳಬೇಕು. ಅವುಗಳ ತಲೆ ಸವೆದು ಚಪ್ಪಟೆಯಾಗಬೇಕು. ಅನಂತರವೇ ಮೇಲಿನವು ಬಂದು ಕೂರಬೇಕು. ಈ ಎರಡರ ನಡುವಿನ ಗೆರೆ ಕಣ್ಣಿಗೆ ಒಂದು ಬಿರುಕಿನಷ್ಟು ತೆಳು. ಕಾಲದಲ್ಲಿ ಅದು ಕೋಟ್ಯಂತರ ವರ್ಷ. ಇಂಥ ಗೆರೆಯನ್ನು ನಾವು ಈ ಲೇಖನದಲ್ಲಿ ಅಸಂಗತಿ ಎಂದು ಕರೆಯುವೆವು. ಚಾರಲ್ಸ್ ಲಯೆಲ್ಲರು ೧೮೩೦ರಿಂದ ೧೮೩೩ರವರೆಗೆ ಪ್ರಕಟಿಸಿದ ಸಂಪುಟಗಳಿಂದ, ಇಂದು ಕೆಲಸಮಾಡುತ್ತಿರುವ ಮಳೆ, ಹೊಳೆ, ಗಾಳಿಗಳೇ ಸಾಕಷ್ಟು ಕಾಲ ದೊರೆತಲ್ಲಿ ಮಹತ್ಕಾರ್ಯಗಳನ್ನು ಮಾಡಬಲ್ಲವೆಂಬ ಮತವು ವಿದ್ವತ್ಸಮಾಜದಲ್ಲಿ ಬೇರೂರಿತು.

ಈ ವಿದ್ಯೆಯನ್ನು ಬಲ್ಲವರೊಬ್ಬರು ಮಹಾಕಂದರದ ತಳವನ್ನು ಮುಟ್ಟಿದುದು ೧೮೫೮ರಲ್ಲಿ. ಲೆಫ್ಟಿನೆಂಟ್ ಐವ್ಸ್ ಎಂಬಾತನ ಸೈನಿಕ ತಂಡದೊಡನೆ ಬಂದಿದ್ದ ಜಾನ್ ಸ್ಟ್ರಾಂಗ್ ನ್ಯೂಬೆರಿಯವರು, ಕಂದರವು ಭೂಕಂಪದಿಂದ ಬಾಯ್ಬಿಟ್ಟ ಬಿರುಕಲ್ಲವೆಂದೂ ನೀರಿನ ಕೊರೆತದ ಫಲವೆಂದೂ ನಿರ್ಧರಿಸಿದರು. ನದಿಯ ಎರಡು ದಡಗಳಲ್ಲಿಯೂ ಅದೇ ಪದರಗಳು ಅದೇ ಕ್ರಮದಲ್ಲಿ ಎದುರುಬದುರಾಗಿ ನಿಂತಿರುವುದನ್ನು ನೋಡಿದವರಿಗೆ, ಒಮ್ಮೆ ಅವು ಒಂದಾಗಿದ್ದುವೆಂಬುದೂ ನಡುವಿನ ಕಲ್ಲು ಎಲ್ಲಿಗೋ ಸಾಗಿಹೋಗಿದೆಯೆಂಬುದೂ ವಿಶದವಾಗುವುದು. ಎಲ್ಲಿಗೆ ಸಾಗಿತು ಎಂಬ ಪ್ರಶ್ನೆಯನ್ನು ಮಾತ್ರ ಆಗ ಯಾರೂ ಬೆನ್ನಟ್ಟಲಿಲ್ಲ. ಮುಂದೆ ಇಡೀ ವಿವಾದವನ್ನು ತಿರುಗಿಸಿದುದು ಆ ಪ್ರಶ್ನೆಯೇ.

೩

೧೮೬೯ರ ಮೇ ೨೪ರಂದು ಜಾನ್ ವೆಸ್ಲಿ ಪೊವೆಲ್ಲರು ವಯೋಮಿಂಗಿನ ಗ್ರೀನ್ ರಿವರ್ ಎಂಬಲ್ಲಿಂದ ನಾಲ್ಕು ದೋಣಿಗಳಲ್ಲಿ ಹೊರಟರು. ಅವರನ್ನೂ ಸೇರಿ ತಂಡದಲ್ಲಿ ಹತ್ತು ಮಂದಿ. ಅಂತರ್ಯುದ್ಧದಲ್ಲಿ, ೧೮೬೨ರ ಶೈಲೋ ಕದನದಲ್ಲಿ, ಪೊವೆಲ್ಲರು ಬಲಗೈಯನ್ನು ಮೊಣಕೈಯ ಕೆಳಗೆ ಕಳೆದುಕೊಂಡಿದ್ದರು. ಒಂದು ದೋಣಿ ಮೊದಲ ತಿಂಗಳಿನಲ್ಲಿಯೇ ಬಂಡೆಗೆ ಬಡಿದು ಒಡೆಯಿತು. ಒಬ್ಬನು ತಂಡವನ್ನು ಬಿಟ್ಟನು. ಉಳಿದ ಆಹಾರವೂ ನೀರಿಗೆ ಸಿಕ್ಕಿ ಕೆಟ್ಟಿತು. ಮಹಾಕಂದರವನ್ನು ಹೊಕ್ಕ ಮೇಲೆ ಶಿಲೆಯ ಭೇದವು ಅವರಿಗೆ ಪಾಂಡಿತ್ಯದ ವಿಷಯವಾಗಿ ಉಳಿಯಲಿಲ್ಲ. ಮೆತ್ತನೆಯ ಕಲ್ಲಿನಲ್ಲಿ ಕಣಿವೆ ಅಗಲವಾಗಿ ಹೊಳೆ ಶಾಂತವಾಗಿರುತ್ತಿತ್ತು. ಗಟ್ಟಿಯಾದ ಕರಿಯ ಶಿಲೆ ತಲೆಯೆತ್ತಿದೊಡನೆ ಕಮರಿ ಕಿರಿದಾಗಿ, ನೀರು ಭೋರ್ಗರೆದು, ದೋಣಿಯನ್ನು ದಡಕ್ಕೆಳೆಯಲೂ ಎಡೆಯಿರುತ್ತಿರಲಿಲ್ಲ. ಆಗಸ್ಟ್ ೨೮ರಂದು ಅಂಥದೊಂದು ಭಯಂಕರವಾದ ಸೆಳವನ್ನು ಕಂಡು ಮೂವರು ಮುಂದುವರಿಯಲೊಲ್ಲದೆ ಕಾಲುನಡೆಯಲ್ಲಿ ಮೇಲಕ್ಕೇರಿ ಹೋದರು. ಅವರು ಮತ್ತೆ ಜೀವಂತವಾಗಿ ಕಾಣಿಸಿಕೊಳ್ಳಲಿಲ್ಲ. ದೋಣಿಯಲ್ಲಿ ಉಳಿದ ಆರು ಮಂದಿ ಮರುದಿನವೇ ಕಂದರದಿಂದ ಹೊರಬಂದರು.

ಪೊವೆಲ್ಲರು ೧೮೭೧–೭೨ರಲ್ಲಿ ಎರಡನೆಯ ಯಾನವನ್ನು ಕೈಗೊಂಡು, ೧೮೭೫ರಲ್ಲಿ ತಮ್ಮ ಪ್ರಸಿದ್ಧ ವರದಿಯನ್ನು ಪ್ರಕಟಿಸಿದರು. ಅದರಲ್ಲಿ ಅವರು ಎತ್ತಿದ ಪ್ರಶ್ನೆ ಇದು: ಎತ್ತರವಾದ ಪ್ರಸ್ಥಭೂಮಿಯು ಎದುರಾದಾಗ ನದಿಯು ಅದನ್ನು ಬಳಸಿಕೊಂಡು ಹೋಗದೆ ನಟ್ಟನಡುವೆ ಸೀಳಿಕೊಂಡು ಹೋದುದೇಕೆ? ನದಿಯು ಪ್ರಸ್ಥಭೂಮಿಗಿಂತ ಹಳೆಯದು ಎಂಬುದೇ ಅವರ ಉತ್ತರ. ನದಿ ಮೊದಲೇ ಆ ದಾರಿಯಲ್ಲಿ ಹರಿಯುತ್ತಿತ್ತು. ನೆಲವು ಅದರ ಕೆಳಗಿನಿಂದ ಮೆಲ್ಲಮೆಲ್ಲನೆ ಮೇಲೆದ್ದಿತು. ಎದ್ದಷ್ಟನ್ನೂ ನದಿ ಕೊರೆಯುತ್ತ ತನ್ನ ದಾರಿಯನ್ನು ಕಾಯ್ದುಕೊಂಡಿತು. ಗರಗಸವು ನಿಂತಲ್ಲಿಯೇ ತಿರುಗುತ್ತಿರಲು ಮರದ ದಿಮ್ಮಿಯನ್ನು ಅದಕ್ಕೆ ಒತ್ತಿದಂತೆ ಎಂದು ಅವರು ವಿವರಿಸಿದರು. ಈ ಉಪಮೆಯು ಸುಂದರವಾದುದು, ಸುಲಭವಾದುದು. ಐದಾರು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಮೆರೆದುದು. ಅದಕ್ಕೆ ಎದುರಾದ ಸಾಕ್ಷ್ಯವನ್ನು ನೋಡುವ ಮೊದಲು, ನದಿಯು ಕೊರೆದ ಪದರಗಳ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಅಗತ್ಯ.

೪

ತಳದಲ್ಲಿರುವ ಕರಿಯ ಶಿಲೆಗಳು ಸುಮಾರು ೧೭೫ ಕೋಟಿ ವರ್ಷಗಳಷ್ಟು ಹಿಂದಿನವು. ಸಮುದ್ರದಲ್ಲಿ ಬಿದ್ದ ಕೆಸರು, ಜ್ವಾಲಾಮುಖಿಗಳ ಲಾವಾ ಇವು ಭೂಗರ್ಭದ ಒತ್ತಡ ತಾಪಗಳಿಗೆ ಸಿಕ್ಕಿ ರೂಪಾಂತರ ಹೊಂದಿ, ನಡುನಡುವೆ ಕರಗಿದ ಶಿಲೆ ನುಗ್ಗಿ ಗಟ್ಟಿಯಾಗಿ ಆದಂಥವು. ಇವುಗಳ ಹೆಸರುಗಳನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಚಕಿತರಾಗುವರು: ವಿಷ್ಣು ಶಿಲೆ, ಬ್ರಹ್ಮ ಶಿಲೆ, ರಾಮ ಶಿಲೆ. ೧೮೮೨ರಲ್ಲಿ ಮಹಾಕಂದರದ ಮೇಲೆ ಬೃಹದ್ಗ್ರಂಥವನ್ನು ಪ್ರಕಟಿಸಿದ ಕ್ಲಾರೆನ್ಸ್ ಡಟನ್ನರಿಗೆ ಅಲ್ಲಿನ ಶಿಖರಗಳು ಪೂರ್ವದೇಶದ ದೇವಾಲಯಗಳಂತೆ ತೋರಿ, ಅವುಗಳಿಗೆ ವಿಷ್ಣು, ಶಿವ ಮುಂತಾದ ಹೆಸರುಗಳನ್ನಿಟ್ಟರು. ಶಿಖರದ ಹೆಸರು ಬಳಿಕ ಶಿಲೆಗೂ ಅಂಟಿತು.

ಕರಿಯ ಶಿಲೆಗಳ ಮೇಲೆ ಅಲ್ಲಲ್ಲಿ, ಎಲ್ಲೆಡೆಯೂ ಅಲ್ಲ, ಓರೆಯಾಗಿ ವಾಲಿದ ಪದರಗಳ ರಾಶಿಗಳುಂಟು. ಇವು ಸುಮಾರು ೧೨೫ ಕೋಟಿ ವರ್ಷಗಳಿಂದ ೭೩ ಕೋಟಿ ವರ್ಷಗಳ ಹಿಂದಿನವರೆಗಿನವು. ಇವೆರಡರ ತಲೆಯನ್ನೂ ಒಂದೇ ಮಟ್ಟಕ್ಕೆ ಸವರಿದಂತೆ, ಅವುಗಳ ಮೇಲೆ ಸಮತಲವಾಗಿ ಟಪೀಟ್ಸ್ ಎಂಬ ಮರಳುಗಲ್ಲು ಹಾಸಿದೆ. ಅದರ ಕಾಲ ಸುಮಾರು ೫೧ ಕೋಟಿ ವರ್ಷ. ಓರೆಯ ಪದರಗಳು ಇಲ್ಲದೆಡೆಯಲ್ಲಿ ಟಪೀಟ್ಸ್ ನೇರವಾಗಿ ವಿಷ್ಣು ಶಿಲೆಯ ಮೇಲೆಯೇ ಕುಳಿತಿರುವುದು. ಅಲ್ಲಿ ಒಂದು ಅಂಗೈಯನ್ನು ಚಾಚಿ ಎರಡೂ ಶಿಲೆಗಳನ್ನು ಮುಟ್ಟಬಹುದು. ಅಂಗೈಯ ಕೆಳಗೆ ೧೨೦ ಕೋಟಿ ವರ್ಷಗಳ ಚರಿತ್ರೆ ಇಲ್ಲವಾಗಿದೆ. ಪೊವೆಲ್ಲರು ಈ ಮಹಾ ಅಸಂಗತಿಯನ್ನು ಗುರುತಿಸಿ, ಪರ್ವತಗಳೇ ಎದ್ದು ಸವೆದು ಹೋದುವೆಂದು ತಮ್ಮ ವರದಿಯಲ್ಲಿ ವಿವರಿಸಿದ್ದರು.

ಟಪೀಟ್ಸ್ ಕಡಲಂಚಿನ ಮರಳು. ಕಡಲು ನೆಲದ ಮೇಲೆ ಏರುತ್ತ ಬಂದಂತೆ ಮರಳಿನ ಮೇಲೆ ಕೆಸರೂ, ಕೆಸರಿನ ಮೇಲೆ ಸುಣ್ಣವೂ ಶೇಖರವಾದುವು. ಅದರಿಂದ ಮೇಲಕ್ಕೆ ಮತ್ತೊಂದು ಲೋಪ: ಸುಮಾರು ೫೦ ಕೋಟಿ ವರ್ಷಗಳ ಹಿಂದಿನಿಂದ ೩೯ ಕೋಟಿ ವರ್ಷಗಳ ಹಿಂದಿನವರೆಗಿನ ಪದರಗಳೇ ಅಲ್ಲಿಲ್ಲ. ಈ ಲೋಪದಲ್ಲಿ ಮೇಲಿನ ಕೆಳಗಿನ ಪದರಗಳೆರಡೂ ಸಮತಲವಾಗಿಯೇ ಇರುವುದರಿಂದ, ಪಳೆಯುಳಿಕೆಗಳನ್ನು ಹೋಲಿಸದ ಹೊರತು ಕಣ್ಣಿಗೆ ಏನೂ ತೋರದು. ಅದರ ಮೇಲೆ ಸುಮಾರು ೩೪ ಕೋಟಿ ವರ್ಷ ಹಳೆಯದಾದ ರೆಡ್‌ವಾಲ್ ಸುಣ್ಣಶಿಲೆಯು ಮಹಾಪ್ರಾಕಾರದಂತೆ ನಿಂತಿರುವುದು. ಹೆಸರಿಗೆ ಅದು ಕೆಂಪು ಗೋಡೆ. ಒಡೆದು ನೋಡಿದರೆ ಒಳಗೆ ಬೂದುಬಣ್ಣ. ಮೇಲಿನ ಕೆಂಪು ಪದರಗಳಿಂದ ಮಳೆಯ ನೀರು ತಂದ ಕಬ್ಬಿಣದ ತುಕ್ಕು ಅದರ ಮುಖಕ್ಕೆ ಬಣ್ಣ ಬಳಿದಿದೆ. ಇನ್ನೂ ಮೇಲೆ ಕೊಕೊನೀನೊ ಮರಳುಗಲ್ಲು: ಮರಳುಗಾಡಿನ ದಿಣ್ಣೆಗಳು ಕಲ್ಲಾದುದು, ಪ್ರಾಚೀನ ಪ್ರಾಣಿಗಳ ಹೆಜ್ಜೆಗುರುತುಗಳು ಅದರಲ್ಲಿ ಉಳಿದಿವೆ. ಎಲ್ಲಕ್ಕಿಂತ ಮೇಲೆ, ಪ್ರವಾಸಿಗಳು ನಿಲ್ಲುವ ಅಂಚಿನಲ್ಲಿ, ಸುಮಾರು ೨೭ ಕೋಟಿ ವರ್ಷ ಹಳೆಯದಾದ ಕೈಬಾಬ್ ಸುಣ್ಣಶಿಲೆ. ಅದರಲ್ಲಿ ಕಡಲ ಚಿಪ್ಪುಗಳಿವೆ. ಆ ಕಡಲ ತಳವು ಇಂದು ಸಮುದ್ರ ಮಟ್ಟದಿಂದ ೨,೦೦೦ ಮೀಟರುಗಳಿಗೂ ಎತ್ತರದಲ್ಲಿದೆ.

ಹೀಗೆ ಶಿಲೆಯ ಕಥೆ ಮುಗಿಯುವಲ್ಲಿ ಕಂದರದ ಕಥೆ ಇನ್ನೂ ಆರಂಭವೇ ಆಗಿಲ್ಲ. ಕೈಬಾಬ್ ಶಿಲೆಯ ಮೇಲೆ ಇನ್ನೂ ಅನೇಕ ಪದರಗಳು ಬಿದ್ದು, ಬಹುಭಾಗ ಸವೆದೂ ಹೋದುವು. ಸುಮಾರು ಏಳು ಕೋಟಿ ವರ್ಷಗಳ ಹಿಂದಿನಿಂದ ಪ್ರಸ್ಥಭೂಮಿಯು ಮೇಲೇಳತೊಡಗಿತು. ಎತ್ತರವು ನದಿಗೆ ಇಳಿಜಾರನ್ನು ಕೊಟ್ಟಿತು; ಇಳಿಜಾರು ವೇಗವನ್ನೂ, ಮರಳು ಗುಂಡುಗಳನ್ನು ಉರುಳಿಸಿ ತಳವನ್ನು ಉಜ್ಜುವ ಶಕ್ತಿಯನ್ನೂ ಕೊಟ್ಟಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನದಿಯು ಕೊರೆಯುವುದು ಆಳವನ್ನು ಮಾತ್ರ. ಅಗಲವನ್ನು ಉಂಟುಮಾಡುವುವು ಮಳೆ, ಹಿಮ, ಗುರುತ್ವ ಮತ್ತು ಉಪನದಿಗಳ ಹಠಾತ್ ಪ್ರವಾಹಗಳು. ಮೆತ್ತನೆಯ ಪದರವು ಸವೆದು ಇಳಿಜಾರಾಗುವುದು. ಆಧಾರ ತಪ್ಪಿದ ಗಟ್ಟಿ ಪದರವು ಒಡೆದು ಬಿದ್ದು ನೆಟ್ಟಗೆ ನಿಲ್ಲುವುದು. ಮೆಟ್ಟಿಲು ಮೆಟ್ಟಿಲಾದ ಆಕಾರ ಬಂದುದು ಹೀಗೆ. ನೆಲವು ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಅಂಚಿನ ಮೇಲೆ ಬಿದ್ದ ನೀರು ಕಂದರದೊಳಕ್ಕೆ ಹರಿಯುವುದು, ದಕ್ಷಿಣದ ಅಂಚಿನದು ಕಂದರದಿಂದ ದೂರಕ್ಕೆ ಹರಿಯುವುದು. ಉತ್ತರದ ಅಂಚು ನದಿಯಿಂದ ಹೆಚ್ಚು ದೂರಕ್ಕೆ ಸರಿದಿರುವುದಕ್ಕೆ ಇದೇ ಕಾರಣ.

೫

ಇನ್ನು ಉಳಿಯ ಕಾಲವನ್ನು ಕುರಿತ ವಿಚಾರ. ಶಿಲ್ಪಿಯು ಎಂದು ಕೆಲಸಮಾಡಿದನೆಂದು ತಿಳಿಯಲು ಶಾಸನವಿಲ್ಲದಿದ್ದರೆ, ಅವನು ಕಡಿದೆಸೆದ ಚಕ್ಕೆಗಳನ್ನು ಹುಡುಕಬೇಕು. ನದಿಯ ಚಕ್ಕೆಗಳೆಂದರೆ ಅದು ಹೊತ್ತು ತಂದು ಸುರಿದ ಮರಳು, ಬೆಣಚುಕಲ್ಲು, ಕೆಸರು. ಕೊಲರಾಡೊ ನದಿಯು ಪ್ರಸ್ಥಭೂಮಿಯನ್ನು ಬಿಟ್ಟು ಪಶ್ಚಿಮದ ತಗ್ಗಿಗೆ ಇಳಿಯುವ ಸ್ಥಳದಲ್ಲಿ ಗ್ರ್ಯಾಂಡ್ ವಾಶ್ ಎಂಬ ಎತ್ತರವಾದ ಪ್ರಪಾತಗಳ ಸಾಲು ಇದೆ. ಅದರ ಬುಡದ ತಗ್ಗು ಪ್ರಾಚೀನ ನಿಕ್ಷೇಪಗಳಿಂದ ತುಂಬಿದೆ. ಪೊವೆಲ್ಲರ ಸಿದ್ಧಾಂತವು ನಿಜವಾದಲ್ಲಿ ಈ ನಿಕ್ಷೇಪಗಳಲ್ಲಿ ದೂರದ ಪರ್ವತಗಳಿಂದ ನದಿಯು ತಂದ ಕಲ್ಲು ಮರಳುಗಳು ಹೇರಳವಾಗಿರಬೇಕು. ಅವು ಇಲ್ಲ. ಇರುವುದು ಹತ್ತಿರದ ಬೆಟ್ಟಗಳಿಂದ ಉದುರಿದ ಕಲ್ಲು, ಮತ್ತು ಮೇಲ್ಭಾಗದಲ್ಲಿ ನಿಂತ ನೀರಿನಲ್ಲಿ ಉಂಟಾದ ಸುಣ್ಣಶಿಲೆ. ಆ ಸುಣ್ಣಶಿಲೆಯ ಮೇಲಿನ ಭಾಗವು ಸುಮಾರು ೬೦ ಲಕ್ಷ ವರ್ಷಗಳಷ್ಟು ಹಿಂದಿನದೆಂದು ತರುವಾಯ ನಿರ್ಣಯವಾಯಿತು. ಹೀಗಾಗಿ, ೬೦ ಲಕ್ಷ ವರ್ಷಗಳ ಹಿಂದೆ ಮಹಾನದಿಯೊಂದು ಈ ಬಾಗಿಲಿನಿಂದ ಹೊರಬರುತ್ತಿರಲಿಲ್ಲವೆಂದು ಹೇಳಬೇಕಾಗುವುದು.

ಈ ತೊಡಕನ್ನು ಎದುರಿಸಿದವರಲ್ಲಿ ಇಬ್ಬರನ್ನು ಹೆಸರಿಸಬೇಕು. ಎಲಿಯಟ್ ಬ್ಲ್ಯಾಕ್‌ವೆಲ್ಡರ್ ಅವರು ೧೯೩೪ರಲ್ಲಿ, ಕೊಲರಾಡೊ ಇತ್ತೀಚಿನ ನದಿಯೆಂದೂ ಸರೋವರಗಳು ಒಂದರ ಬಳಿಕ ಒಂದು ತುಂಬಿ ಹೊರಚೆಲ್ಲಿ ನದಿಯಾದುವೆಂದೂ ಸೂಚಿಸಿದರು. ಚೆಸ್ಟರ್ ಲಾಂಗ್‌ವೆಲ್ಲರು ೧೯೪೬ರಲ್ಲಿ ನದಿಯ ವಯಸ್ಸನ್ನೇ ಪ್ರಶ್ನೆಯನ್ನಾಗಿಟ್ಟು ಬರೆದರು. ೧೯೬೪ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫಿನಲ್ಲಿ ವಿದ್ವಾಂಸರು ಈ ವಿಷಯಕ್ಕಾಗಿಯೇ ಸಭೆ ಸೇರಿದರು. ಪೊವೆಲ್ಲರ ಕೀರ್ತಿಯು ಸಾಮಾನ್ಯವಾದುದಲ್ಲ; ಪ್ರಾಣವನ್ನು ಪಣವಾಗಿಟ್ಟು ಕಂದರವನ್ನು ಕಂಡವರ ಮಾತನ್ನು ತಗ್ಗಿನ ಮರಳೊಂದು ಅಲ್ಲಗಳೆಯಿತು.

ಆದರೆ ವಿವಾದವು ಅಲ್ಲಿಗೆ ಮುಗಿಯಲಿಲ್ಲ. ೨೦೧೨ರಲ್ಲಿ ರೆಬೆಕ್ಕಾ ಫ್ಲವರ್ಸ್ ಮತ್ತು ಕೆನೆತ್ ಫಾರ್ಲಿ ಅವರು ಬೇರೊಂದು ಬಗೆಯ ಸಾಕ್ಷ್ಯವನ್ನು ಮುಂದಿಟ್ಟರು. ಅಪಟೈಟ್ ಎಂಬ ಖನಿಜದ ಕಣಗಳಲ್ಲಿ ವಿಕಿರಣಕ್ರಿಯೆಯಿಂದ ಹೀಲಿಯಂ ಅನಿಲವು ಹುಟ್ಟುತ್ತಿರುತ್ತದೆ. ಶಿಲೆಯು ಆಳದಲ್ಲಿ ಬಿಸಿಯಾಗಿರುವಾಗ ಆ ಅನಿಲವು ತಪ್ಪಿಸಿಕೊಳ್ಳುವುದು. ಮೇಲಿನ ಹೊದಿಕೆ ಸವೆದು ಶಿಲೆ ತಂಪಾದಂತೆ ಒಳಗೇ ಉಳಿಯುವುದು. ಉಳಿದುದನ್ನು ಅಳೆದರೆ ಶಿಲೆಯು ಎಂದು ಮೇಲ್ಮೈಗೆ ಸಮೀಪವಾಯಿತೆಂದು ತಿಳಿಯುವುದು. ಈ ಲೆಕ್ಕದಿಂದ ಕಂದರದ ಪಶ್ಚಿಮ ಭಾಗವು ಏಳು ಕೋಟಿ ವರ್ಷಗಳಷ್ಟು ಹಿಂದೆಯೇ ಹೆಚ್ಚುಕಡಿಮೆ ಇಂದಿನ ಆಳಕ್ಕೆ ಕೊರೆಯಲ್ಪಟ್ಟಿತ್ತೆಂದು ಅವರು ವಾದಿಸಿದರು. ೨೦೧೪ರಲ್ಲಿ ಕಾರ್ಲ್ ಕಾರ್ಲ್‌ಸ್ಟ್ರಾಮ್ ಮತ್ತು ಅವರ ಸಂಗಡಿಗರು, ಕಂದರವನ್ನು ಒಂದೇ ವಸ್ತುವೆಂದು ಎಣಿಸುವುದೇ ತಪ್ಪೆಂದರು. ಅವರ ಮತದಂತೆ ಅದರ ಒಂದು ಖಂಡವು ೭ರಿಂದ ೫ ಕೋಟಿ ವರ್ಷಗಳ ಹಿಂದೆ, ಇನ್ನೊಂದು ಖಂಡವು ೨.೫ರಿಂದ ೧.೫ ಕೋಟಿ ವರ್ಷಗಳ ಹಿಂದೆ, ಬೇರೆ ಬೇರೆ ಹೊಳೆಗಳಿಂದ ಕೊರೆಯಲ್ಪಟ್ಟುವು. ಎರಡು ತುದಿಗಳ ಖಂಡಗಳು ೬೦ರಿಂದ ೫೦ ಲಕ್ಷ ವರ್ಷಗಳ ಹಿಂದಿನವು. ಆಗಲೇ ಇವೆಲ್ಲವನ್ನೂ ಕೊಲರಾಡೊ ನದಿಯು ಪೋಣಿಸಿ ಒಂದು ಕಂದರವನ್ನಾಗಿ ಮಾಡಿತು. ಹಳೆಯ ಹಳ್ಳಗಳು, ಹೊಸ ನದಿ: ಎರಡು ಬಗೆಯ ಸಾಕ್ಷ್ಯಗಳಿಗೂ ಇದರಲ್ಲಿ ಎಡೆಯಿದೆ. ಎಲ್ಲರೂ ಇದನ್ನು ಒಪ್ಪಿರುವರೆಂದಲ್ಲ. ಆದರೂ ಇಂದಿನ ನದಿಯ ದಾರಿಯು ಅರವತ್ತು ಲಕ್ಷ ವರ್ಷಗಳಿಂದೀಚಿನದೆಂಬ ಮತಕ್ಕೆ ಬಹುಸಂಖ್ಯೆಯ ವಿದ್ವಾಂಸರ ಸಮ್ಮತಿಯುಂಟು.

೬

ಈ ಬಗೆಯ ಓದು ನಮ್ಮ ನಾಡಿಗೆ ಹೊರಗಿನದಲ್ಲ. ಪೊವೆಲ್ಲರ ವರದಿಯ ಮರುವರ್ಷ, ೧೮೭೬ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಬೆಳಗಾವಿ ಬಾಗಲಕೋಟೆಗಳ ಕಡೆಯ ಪದರಶಿಲೆಗಳನ್ನು ಕಲಾದಗಿ ಸರಣಿಯೆಂದು ವಿವರಿಸಿದರು. ಬಾದಾಮಿಯ ಮರಳುಗಲ್ಲು ಕೂಡ ಆಗ ಆ ಸರಣಿಯಲ್ಲಿಯೇ ಸೇರಿತ್ತು. ೧೯೬೮ರಲ್ಲಿ ಎಂ. ಎನ್. ವಿಶ್ವನಾಥಯ್ಯನವರು ಬಾದಾಮಿಯ ಶಿಲೆಗಳನ್ನು ಕಲಾದಗಿಯ ಅನಂತರದ ಪ್ರತ್ಯೇಕ ಸರಣಿಯೆಂದು ಬೇರ್ಪಡಿಸಿದರು. ಕೆಳಗಿನವು ಮಡಿಸಿಕೊಂಡು ಓರೆಯಾಗಿವೆ. ಬಾದಾಮಿಯವು ಅವುಗಳ ಸವೆದ ತಲೆಯ ಮೇಲೆ ಬಹುಮಟ್ಟಿಗೆ ಸಮತಲವಾಗಿ ಮಲಗಿವೆ. ಹಟನ್ನರು ಸ್ಕಾಟ್ಲೆಂಡಿನಲ್ಲಿ, ಪೊವೆಲ್ಲರು ಕೊಲರಾಡೊದಲ್ಲಿ ಕಂಡ ಸಂಬಂಧವೇ ಇದು. ಗೋಕಾಕದಲ್ಲಿ ಘಟಪ್ರಭಾ ನದಿಯು ಕಲಾದಗಿ ಕಾಲದ ಗಟ್ಟಿ ಮರಳುಗಲ್ಲಿನ ಮೇಲಿಂದ ಸುಮಾರು ೫೨ ಮೀಟರು ಧುಮುಕಿ ಕಮರಿಯನ್ನು ಹೊಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ, ಶಿಲೆಯ ವಯಸ್ಸನ್ನು ಕಮರಿಗೆ ಹೊರಿಸಬಾರದೆಂಬುದನ್ನು ಅಲ್ಲಿಯೇ ಹೇಳಿಕೊಡಬಹುದು. ಅದಕ್ಕೆ ಅರಿಜೋನಾಕ್ಕೆ ಹೋಗಬೇಕಾದುದಿಲ್ಲ.

ಕೊನೆಯದಾಗಿ ಎರಡು ಮಾತು. ಇತಿಹಾಸವನ್ನು ಓದುವವರು ದೊರೆತ ದಾಖಲೆಗಳನ್ನು ಜೋಡಿಸಿ, ಅವುಗಳ ನಡುವಣ ಮೌನವನ್ನು ಮರೆಯುವುದು ಸಹಜ. ಮಹಾಕಂದರದ ಗೋಡೆಯಲ್ಲಿ ಉಳಿದ ಕಾಲಕ್ಕಿಂತ ಅಳಿದ ಕಾಲವೇ ಹೆಚ್ಚು. ಆ ಲೋಪಗಳನ್ನು ಗುರುತಿಸಿ ಅಳೆದುದರಿಂದಲೇ ಎದ್ದು ಅಡಗಿದ ಪರ್ವತಗಳ ಸುಳಿವು ಸಿಕ್ಕಿತು. ಇರಬೇಕಾದ ಮರಳು ಇಲ್ಲದಿರುವುದನ್ನು ಗಮನಿಸಿದುದರಿಂದಲೇ ನದಿಯ ವಯಸ್ಸು ತಿಳಿಯಿತು. ಇಲ್ಲದಿರುವುದೂ ಸಾಕ್ಷ್ಯವಾಗಬಲ್ಲುದು, ಆದರೆ ಅದು ಎಲ್ಲಿ ಇರಬೇಕಾಗಿತ್ತೆಂಬುದನ್ನು ಮೊದಲು ಸರಿಯಾಗಿ ನಿರ್ಧರಿಸಿರಬೇಕು.

ಎರಡನೆಯದು, ಈ ಕಥೆ ಮುಗಿದುದಲ್ಲ. ಕೊಲರಾಡೊ ಎಂದರೆ ಸ್ಪೇನಿನ ಭಾಷೆಯಲ್ಲಿ ಕೆಂಪುಬಣ್ಣದ್ದೆಂದು ಅರ್ಥ. ಹೊತ್ತ ಕೆಸರಿನಿಂದ ನದಿಗೆ ಬಂದ ಹೆಸರು. ೧೯೬೩ರಲ್ಲಿ ಕಂದರದ ಮೇಲ್ಭಾಗದ ಗ್ಲೆನ್ ಕ್ಯಾನಿಯನ್ ಅಣೆಕಟ್ಟೆಯು ನೀರನ್ನು ತಡೆಯತೊಡಗಿದ ಮೇಲೆ ಕೆಸರು ಜಲಾಶಯದಲ್ಲಿ ನಿಂತಿತು; ಕೆಳಗೆ ಹರಿಯುವ ನೀರು ತಣ್ಣಗೆ, ತಿಳಿಯಾಗಿ, ಹಸುರಾಗಿ ಮಾರ್ಪಟ್ಟಿತು. ದಡದ ಮರಳದಿಣ್ಣೆಗಳು ಕರಗುತ್ತ ಬಂದುದರಿಂದ ೧೯೯೬ರಲ್ಲಿ ಅಣೆಕಟ್ಟೆಯಿಂದ ಕೃತಕ ಪ್ರವಾಹವನ್ನು ಹರಿಯಬಿಟ್ಟು ಅವುಗಳನ್ನು ಮತ್ತೆ ಕಟ್ಟುವ ಪ್ರಯೋಗವನ್ನು ಮಾಡಿದರು. ನದಿಯ ಚಕ್ಕೆಗಳಿಂದ ಅದರ ಕಾಲವನ್ನು ಅರಿತ ಮನುಷ್ಯನೇ ಆ ಚಕ್ಕೆಗಳನ್ನು ನಡುದಾರಿಯಲ್ಲಿ ತಡೆದಿರುವನು. ಮುಂದೊಂದು ಕಾಲದಲ್ಲಿ ನದೀಮುಖದ ನಿಕ್ಷೇಪಗಳನ್ನು ಅಗೆದು ಓದುವವರು ಈ ತೆಳ್ಳನೆಯ ಪದರದ ಬಳಿ ನಿಂತು, ಇರಬೇಕಾದ ಮರಳು ಇಲ್ಲಿ ಏಕೆ ಇಲ್ಲವೆಂದು ಕೇಳುವರು. ಆ ಪ್ರಶ್ನೆಗೆ ಉತ್ತರವು ನಾವು.